ಹೆಣ್ಣಿನ ಕೈಗೊಂದು ಆಟೊಮ್ಯಾಟಿಕ್ ವಾಚು



ನಮ್ಮ ಮಂಡ್ಯ ಸೀಮೆಯ ಮದುವೆ ಮಾತುಕತೆಯಲ್ಲಿ ಒಂದು ಕಾಲಕ್ಕೆ ವಾಚಿನ ಪ್ರಸ್ತಾಪ ತಪ್ಪದೆ ಬರುತ್ತಿತ್ತು. ಹುಡುಗನಿಗೆ ಉಂಗುರ, ಸೂಟು, ಅದರ ಜೊತೆಗೆ ಒಂದು ಒಳ್ಳೆಯ ವಾಚು. ಒಳ್ಳೆಯ ವಾಚು ಎಂದರೆ ಬಹಳ ಮನೆಗಳಲ್ಲಿ ಎಚ್‌ಎಂಟಿ ಎಂದೇ ಅರ್ಥ. ಅದರಲ್ಲೂ ಅನುಕೂಲವಂತರ ಕಡೆಯ ವರನಾದರೆ ‘ಕಾಂಚನ್’ ಬೇಕು. ಕಾಂಚನ್ ಆಟೊಮ್ಯಾಟಿಕ್ ವಾಚು. ದಿನಾ ಕೀ ಕೊಡಬೇಕಾಗಿರಲಿಲ್ಲ, ಕೈಯಲ್ಲಿ ಕಟ್ಟಿಕೊಂಡು ಓಡಾಡಿದರೆ ತಾನೇ ಓಡುತ್ತಿತ್ತು. ಬೇಡಿಕೆ ಎಷ್ಟಿತ್ತೆಂದರೆ ಅಂಗಡಿಯಲ್ಲಿ ಸಿಗದೆ, ಹೆಚ್ಚಿನ ಬೆಲೆಗೆ ಕಾಳಸಂತೆಯಲ್ಲಿ ಕೊಂಡು ತರುತ್ತಿದ್ದರು. ದೇಶದ ಹಲವು ಕಡೆ ಅದಕ್ಕೆ ‘ವರದಕ್ಷಿಣೆ ವಾಚು’ ಎಂಬ ಹೆಸರೇ ಬಿದ್ದಿತ್ತು.

ಭತ್ತ ಮಾರಿದ ದುಡ್ಡೋ, ಆಲೆಮನೆಯ ಬೆಲ್ಲ ಮಾರಿದ ದುಡ್ಡೋ, ಸಾಲವೋ, ಹೆಣ್ಣಿನ ತಂದೆ ಅದನ್ನು ಹೊಂದಿಸಿ ಆಟೊಮ್ಯಾಟಿಕ್ ವಾಚು ತರುತ್ತಿದ್ದರು. ಕಟ್ಟಿಕೊಳ್ಳುತ್ತಿದ್ದವನು ಅಳಿಯ. ಮಗಳ ಕೈಗೆ ಬಳೆ. ಅವಳು ಓದಿದವಳಾಗಿ, ಕೆಲಸದಲ್ಲಿದ್ದರೆ, ಚಿಕ್ಕ ಡಯಲಿನ, ದಿನಾ ಬೆಳಿಗ್ಗೆ ಕೀ ಕೊಡಬೇಕಾದ ಒಂದು ವಾಚು. ಎಚ್‌ಎಂಟಿಯವರೇ ಹೆಂಗಸರಿಗೆಂದು ಮಾಡಿದ ‘ಸುಜಾತಾ’ ನಮ್ಮ ಎಷ್ಟೋ ಮೇಷ್ಟ್ರಮ್ಮಂದಿರ ಕೈಯಲ್ಲಿತ್ತು.

ಎಚ್‌ಎಂಟಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ಮಾಡಲು ಆರಂಭಿಸಿದ್ದು 1961ರಲ್ಲಿ. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ವರದಕ್ಷಿಣೆ ನಿಷೇಧ ಕಾಯಿದೆ ಜಾರಿಗೆ ಬಂದದ್ದೂ ಅದೇ 1961ರ ಜುಲೈ 1ರಂದು. ಕಾಯಿದೆ ಒಂದು ಕಡೆ, ಕಾಂಚನ್ ಇನ್ನೊಂದು ಕಡೆ, ಎರಡೂ ನಮ್ಮ ಊರುಗಳಲ್ಲಿ ಜೊತೆಜೊತೆಯಾಗಿ ಬಾಳಿದವು. ಜಾಲಹಳ್ಳಿಯ ಆ ಕಾರ್ಖಾನೆಯಲ್ಲಿ, ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಕೂದಲೆಳೆಯಷ್ಟು ಸಣ್ಣ ಭಾಗಗಳನ್ನು ಚಿಮಟದಲ್ಲಿ ಹಿಡಿದು ಜೋಡಿಸುತ್ತಿದ್ದವರಲ್ಲಿ ಹೆಣ್ಣುಮಕ್ಕಳು ಬಹಳ. ವಾಚು ಕೂಡಿಸಿದವರು ಹೆಂಗಸರು, ಅದಕ್ಕೆ ದುಡ್ಡು ತೆತ್ತದ್ದು ಹೆಣ್ಣಿನ ಮನೆ, ಕಟ್ಟಿಕೊಂಡವರು ಗಂಡಸರು. ಇವತ್ತು ಒಬ್ಬ ಹೆಣ್ಣುಮಗಳು ತನ್ನ ಸಂಬಳದಲ್ಲಿ ತನಗೇ ಒಂದು ಒಳ್ಳೆಯ ಆಟೊಮ್ಯಾಟಿಕ್ ವಾಚು ಬೇಕು ಎಂದರೆ ಅದನ್ನು ನಾನು ದುಂದು ಎನ್ನುವುದಿಲ್ಲ. ಬಹಳ ತಡವಾಗಿ ಸಲ್ಲುತ್ತಿರುವ ಒಂದು ಬಾಕಿ ಎಂದೇ ಭಾವಿಸುತ್ತೇನೆ.

ಈ ಮಾತು ಎತ್ತಲು ಕಾರಣವಿದೆ. ನಮ್ಮೂರು ಗುತ್ತಲು ಈಗ ಮಂಡ್ಯ ಪಟ್ಟಣದೊಳಗೇ ಸೇರಿಹೋಗಿದೆ. ಅರ್ಕೇಶ್ವರನ ಗುಡಿ ಇರುವ ನಮ್ಮ ಗುತ್ತಲಿನಲ್ಲಿ ಈಗ ಬ್ಯಾಂಕಿಗೆ ಹೋಗುವ, ಕಾಲೇಜಿನಲ್ಲಿ ಪಾಠ ಹೇಳುವ, ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ದುಡಿಯುವ ಹೆಣ್ಣುಮಕ್ಕಳಿಲ್ಲದ ಬೀದಿಯಿಲ್ಲ. ಅವರಲ್ಲೊಬ್ಬರು, ಕಾಲೇಜಿನ ಉಪನ್ಯಾಸಕಿ, ಈಚೆಗೆ ನನ್ನನ್ನು ಕೇಳಿದರು: “ಅಕ್ಕಾ, ಹತ್ತು ವರ್ಷ ಸರ್ವಿಸ್ ಆಯ್ತು. ನನಗೆ ಅಂತ ಒಂದು ಒಳ್ಳೇ ವಾಚು ತಗೋಬೇಕು ಅಂತಿದೀನಿ. ಅಂಗಡಿಗೆ ಹೋದ್ರೆ ಹೆಂಗಸರದ್ದು ಅಂತ ಕಲ್ಲು ಕೂರಿಸಿದ್ದನ್ನೇ ತೋರಿಸ್ತಾರೆ. ಒಳಗೆ ಏನಿದೆ ಅಂತ ಯಾರೂ ಹೇಳಲ್ಲ.”

ಅವರ ಕೊನೆಯ ಮಾತಿನಲ್ಲೇ ಇಡೀ ವ್ಯಾಪಾರದ ಗುಟ್ಟಿದೆ. ಗಂಡಸರ ವಾಚು ಮಾರುವಾಗ ಅಂಗಡಿಯವರು ಮೆಷಿನ್ನಿನ ಮಾತಾಡುತ್ತಾರೆ. ಯಂತ್ರದೊಳಗೆ ಎಷ್ಟು ಕಲ್ಲು, ಎಷ್ಟು ಗಂಟೆ ಓಡುತ್ತದೆ, ಎಲ್ಲಿ ತಯಾರಾದದ್ದು. ಹೆಂಗಸರ ವಾಚು ಮಾರುವಾಗ ಬಣ್ಣ, ಹೊಳಪು, ಸೀರೆಗೆ ಹೊಂದುತ್ತದೋ ಇಲ್ಲವೋ ಎಂಬ ಮಾತು. ಎಷ್ಟೋ ಸಲ ಲಕ್ಷದ ಮೇಲಿನ ಬೆಲೆಯ ಹೆಂಗಸರ ವಾಚಿನ ಒಳಗೂ ಸೆಲ್ ಹಾಕಿ ಓಡಿಸುವ ಕ್ವಾರ್ಟ್ಜ್ ಯಂತ್ರವೇ ಇರುತ್ತದೆ. ಕ್ವಾರ್ಟ್ಜ್ ಕೆಟ್ಟದ್ದಲ್ಲ. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೊ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರುಕಟ್ಟೆಗೆ ಬಿಟ್ಟ ಮೇಲೆ ಜಗತ್ತೇ ಅದರ ಹಿಂದೆ ಹೋಯಿತು. 1984ರಲ್ಲಿ ಸ್ಥಾಪನೆಯಾದ ಟೈಟನ್, ಹೊಸೂರಿನ ತನ್ನ ಕಾರ್ಖಾನೆಯಿಂದ ಅದನ್ನು ನಮ್ಮ ಮನೆಮನೆಗೂ ತಲುಪಿಸಿತು. ಸಮಯ ತೋರಿಸುವುದರಲ್ಲಿ ಕ್ವಾರ್ಟ್ಜ್ ಯಾವ ಆಟೊಮ್ಯಾಟಿಕ್‌ಗಿಂತಲೂ ನಿಖರ. ಸಮಯ ಮಾತ್ರ ಬೇಕಾದವರಿಗೆ ಎರಡು ಸಾವಿರದ ಕ್ವಾರ್ಟ್ಜ್ ವಾಚು ಸಾಕು, ಅದಕ್ಕಿಂತ ಹೆಚ್ಚು ಖರ್ಚು ಮಾಡಬೇಕಾಗಿಯೇ ಇಲ್ಲ. ಆದರೆ ದೊಡ್ಡ ಮೊತ್ತ ಕೊಡುವಾಗ ಆ ದುಡ್ಡು ಒಳಗಿನ ಕೆಲಸಕ್ಕೆ ಹೋಗುತ್ತದೋ ಹೊರಗಿನ ಹೊಳಪಿಗೋ ಎಂದು ಕೇಳುವ ಹಕ್ಕು ಕೊಳ್ಳುವವಳಿಗಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಲಕ್ಷ ಕೊಡುವುದಾದರೆ ಯಂತ್ರಕ್ಕೆ ಕೊಡಿ. ವಜ್ರ ಬೇಕೆನಿಸಿದರೆ ಅದನ್ನು ಒಡವೆಯಾಗಿ ಬೇರೆ ಮಾಡಿಸಿಕೊಳ್ಳಿ.

ಆಟೊಮ್ಯಾಟಿಕ್ ವಾಚಿನ ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಒಂದು ಸಣ್ಣ ಡಬ್ಬಿಯೊಳಗೆ ಉದ್ದನೆಯ ತೆಳು ಸ್ಪ್ರಿಂಗು ಸುತ್ತಿಕೊಂಡು ಕೂತಿರುತ್ತದೆ. ಅದು ಬಿಚ್ಚಿಕೊಳ್ಳುವ ಬಲವೇ ಮುಳ್ಳುಗಳನ್ನು ತಿರುಗಿಸುವುದು. ಒಮ್ಮೆಗೇ ಬಿಚ್ಚಿಹೋಗದಂತೆ ಹಲ್ಲುಚಕ್ರವೂ ಒಂದು ಪುಟ್ಟ ಕವಲೂ ತಡೆತಡೆದು ಬಿಡುತ್ತವೆ, ಆ ತಡೆಯ ಸದ್ದೇ ನಾವು ಕೇಳುವ ಟಿಕ್‌ಟಿಕ್. ಈಗಿನ ಬಹಳಷ್ಟು ಸ್ವಿಸ್ ಯಂತ್ರಗಳಲ್ಲಿ ಅದು ಗಂಟೆಗೆ 28,800 ಸಲ, ಅಂದರೆ ಸೆಕೆಂಡಿಗೆ ಎಂಟು ಸಲ. ಹೀಗಾಗಿಯೇ ಸೆಕೆಂಡಿನ ಮುಳ್ಳು ಕುಪ್ಪಳಿಸದೆ ಜಾರಿದಂತೆ ಕಾಣುತ್ತದೆ. ಯಂತ್ರದ ಬೆನ್ನ ಮೇಲೆ ಅರ್ಧಚಂದ್ರಾಕಾರದ ಒಂದು ಲೋಹದ ತೂಕ, ಅದೇ ರೋಟರ್. ಕೈ ಆಡಿದಾಗಲೆಲ್ಲ ಅದು ತಿರುಗಿ ಸ್ಪ್ರಿಂಗಿಗೆ ಕೀ ಕೊಡುತ್ತದೆ. ಸ್ಪ್ರಿಂಗು ಪೂರ್ತಿ ಸುತ್ತಿದ ಮೇಲೂ ರೋಟರ್ ತಿರುಗಿದರೆ ಹಾನಿಯಿಲ್ಲ, ಸ್ಪ್ರಿಂಗಿನ ತುದಿ ಡಬ್ಬಿಯ ಗೋಡೆಯ ಮೇಲೆ ಜಾರಿಕೊಳ್ಳುವ ಏರ್ಪಾಡಿರುತ್ತದೆ. ಉಜ್ಜಾಟ ಕಡಿಮೆಯಾಗಲೆಂದು ಚಕ್ರಗಳ ಅಚ್ಚುಗಳು ಕೃತಕ ಮಾಣಿಕ್ಯದ ಕಲ್ಲುಗಳಲ್ಲಿ ಕೂತಿರುತ್ತವೆ. ‘21 ಜ್ಯುವೆಲ್ಸ್’ ಎಂದು ಡಯಲಿನ ಮೇಲೆ ಬರೆದಿರುವುದು ಈ ಕಲ್ಲುಗಳ ಲೆಕ್ಕವನ್ನು. ಅವುಗಳಿಗೆ ಒಡವೆಯ ಬೆಲೆಯಿಲ್ಲ.

ಹದಿನೆಂಟನೇ ಶತಮಾನದ ಕೊನೆಯ ಭಾಗದಲ್ಲಿ ಸ್ವಿಟ್ಜರ್ಲೆಂಡಿನ ಅಬ್ರಹಾಂ ಲೂಯಿ ಪೆರ್ಲೆ ತಾನೇ ಕೀ ಕೊಟ್ಟುಕೊಳ್ಳುವ ಈ ಏರ್ಪಾಡನ್ನು ಜೇಬುಗಡಿಯಾರಕ್ಕೆ ಅಳವಡಿಸಿದ್ದ. ಕೈಗಡಿಯಾರಕ್ಕೆ ತಂದವನು ಇಂಗ್ಲೆಂಡಿನ ಜಾನ್ ಹಾರ್ವುಡ್, 1924ರಲ್ಲಿ ಪೇಟೆಂಟ್ ಪಡೆದ. 1931ರಲ್ಲಿ ರೋಲೆಕ್ಸ್ ಕಂಪನಿ ಪೂರ್ತಿ ಸುತ್ತು ತಿರುಗುವ ರೋಟರ್ ಇಟ್ಟಿತು.

ಈ ಚರಿತ್ರೆಯಲ್ಲಿ ಹೆಂಗಸರ ಪಾಲು ದೊಡ್ಡದು, ಅದನ್ನು ಹೇಳುವವರು ಕಡಿಮೆ. ಕೈಗೆ ಕಟ್ಟುವ ಗಡಿಯಾರವೇ ಮೊದಲು ಹೆಂಗಸರದ್ದು. ಫ್ರಾನ್ಸಿನ ಬ್ರೆಗೆ ನೇಪಲ್ಸಿನ ರಾಣಿ ಕ್ಯಾರೊಲಿನ್ ಮ್ಯೂರಾಳಿಗೆ 1812ರಲ್ಲಿ ಒಂದು ಕೈಗಡಿಯಾರ ಮಾಡಿ ಒಪ್ಪಿಸಿದ. 1868ರಲ್ಲಿ ಪಾಟೆಕ್ ಫಿಲಿಪ್ ಕಂಪನಿ ಹಂಗೇರಿಯ ಕೌಂಟೆಸ್ ಒಬ್ಬಳಿಗೆ ಮಾಡಿಕೊಟ್ಟಿತು. ಗಂಡಸರು ಆಗ ಜೇಬಿನಿಂದ ಸರಪಣಿ ಎಳೆದು ಸಮಯ ನೋಡುತ್ತಿದ್ದರು. ಕೈಗೆ ಕಟ್ಟುವುದು ಹೆಂಗಸರ ಅಲಂಕಾರ ಎಂದು ದೂರ ಇಟ್ಟಿದ್ದರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಜೇಬಿಗೆ ಕೈಹಾಕಲು ಪುರುಸೊತ್ತಿಲ್ಲದಾದಾಗ ಅವರೂ ಕಟ್ಟಿಕೊಂಡರು. 1930ರಲ್ಲಿ ಬಂದ ಬ್ಲಾಂಪೇನ್ ಕಂಪನಿಯ ‘ರೋಲ್ಸ್’ ಮಹಿಳೆಯರ ಮೊದಲ ಆಟೊಮ್ಯಾಟಿಕ್ ಕೈಗಡಿಯಾರ ಎಂದು ಹೆಸರಾಯಿತು. ಅದರಲ್ಲಿ ರೋಟರ್ ಇರಲಿಲ್ಲ, ಇಡೀ ಯಂತ್ರವೇ ಉರುಳೆಗಳ ಮೇಲೆ ಹಿಂದೆ ಮುಂದೆ ಸರಿಯುತ್ತ ತನಗೆ ತಾನೇ ಕೀ ಕೊಟ್ಟುಕೊಳ್ಳುತ್ತಿತ್ತು. ಆ ಕಂಪನಿಯಲ್ಲಿ ಹುಡುಗಿಯಾಗಿ ಕೆಲಸಕ್ಕೆ ಸೇರಿದ ಬೆಟ್ಟಿ ಫೀಷ್ಟರ್ 1933ರಲ್ಲಿ ಅದನ್ನೇ ಕೊಂಡು ನಡೆಸಿದಳು. 1955ರಲ್ಲಿ ಒಮೆಗಾ ಕಂಪನಿಯ ‘ಲೇಡಿಮ್ಯಾಟಿಕ್’, 1957ರಲ್ಲಿ ರೋಲೆಕ್ಸಿನ ‘ಲೇಡಿ ಡೇಟ್‌ಜಸ್ಟ್’ ಬಂದವು. ಸಣ್ಣ ಜಾಗದಲ್ಲಿ ಇಡೀ ಆಟೊಮ್ಯಾಟಿಕ್ ಯಂತ್ರ ಹಿಡಿಸುವುದು ದೊಡ್ಡ ವಾಚು ಮಾಡುವುದಕ್ಕಿಂತ ಕಷ್ಟದ ವಿದ್ಯೆ. ಹೆಂಗಸರ ಆಟೊಮ್ಯಾಟಿಕ್ ವಾಚಿಗೆ ಬೆಲೆ ಹೆಚ್ಚಾದರೆ ಅದಕ್ಕೆ ನ್ಯಾಯವಾದ ಕಾರಣ ಇದೊಂದೇ.

ಕಷ್ಟದ ವಿದ್ಯೆ ಎಂದೆನಲ್ಲ, ಅದರ ಬಾಧಕಗಳನ್ನೂ ಕೊಳ್ಳುವವರು ತಿಳಿದಿರಬೇಕು. ಹೆಂಗಸರ ವಾಚುಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಸ್ವಿಸ್ ಯಂತ್ರ ಇಟಿಎ 2671. ಅದರ ಅಡ್ಡಗಲ 17.2 ಮಿಲಿಮೀಟರ್, ದಪ್ಪ 4.8. ಗಂಡಸರ ವಾಚಿಗೆ ಹಾಕುವ ಇಟಿಎ 2824ರ ಅಗಲ 25.6 ಮಿಲಿಮೀಟರ್, ದಪ್ಪ 4.6. ಎಂದರೆ ಅಗಲ ಕುಗ್ಗಿದರೂ ದಪ್ಪ ಕುಗ್ಗಿಲ್ಲ, ತುಸು ಹೆಚ್ಚೇ ಆಗಿದೆ. ಹಾಗಾಗಿ ತೀರಾ ಪುಟ್ಟ ಆಟೊಮ್ಯಾಟಿಕ್ ವಾಚು ಮಣಿಕಟ್ಟಿನ ಮೇಲೆ ಉಬ್ಬಿ ನಿಲ್ಲುತ್ತದೆ. ರೋಟರ್ ಸಣ್ಣದಾದಷ್ಟೂ ಅದರ ತೂಕ ಕಡಿಮೆ, ಕೀ ಕೊಡುವ ಬಲವೂ ಕಡಿಮೆ. 2671ರ ಸ್ಪ್ರಿಂಗು ಪೂರ್ತಿ ಸುತ್ತಿದ್ದರೆ ಅದು ಸುಮಾರು 38 ಗಂಟೆ ಓಡುತ್ತದೆ. ಶನಿವಾರ ಮಧ್ಯಾಹ್ನ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆ ನಿಂತಿರುತ್ತದೆ. ಇಡೀ ದಿನ ಕಂಪ್ಯೂಟರಿನ ಮುಂದೆ ಕೂರುವ ಬ್ಯಾಂಕಿನ ಉದ್ಯೋಗಿಯ ಕೈ ವಾಚಿಗೆ ಸಾಲುವಷ್ಟು ಆಡುವುದಿಲ್ಲ. ಅಂಥವರು ವಾರಕ್ಕೆ ಒಂದೆರಡು ಸಲ ಕೀ ಗುಂಡಿ ತಿರುಗಿಸಿ ತಾವೇ ತುಂಬಿಸಬೇಕು. ಹೀಗೆ ಕೈಯಿಂದ ಕೀ ಕೊಡಲು ಬರುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ, ಕೆಲವು ಅಗ್ಗದ ಆಟೊಮ್ಯಾಟಿಕ್‌ಗಳಲ್ಲಿ ಬರುವುದಿಲ್ಲ.

ನನ್ನ ಸಲಹೆ, 26 ಮಿಲಿಮೀಟರಿನ ತೀರಾ ಪುಟ್ಟದಕ್ಕೆ ಹೋಗಬೇಡಿ. ನಮ್ಮ ಹೆಣ್ಣುಮಕ್ಕಳ ತೆಳು ಮಣಿಕಟ್ಟಿಗೂ 29ರಿಂದ 35 ಮಿಲಿಮೀಟರಿನ ವಾಚು ಚೆನ್ನಾಗಿ ಕೂರುತ್ತದೆ. ಡಯಲಿನ ಅಗಲಕ್ಕಿಂತ ಮುಖ್ಯವಾದದ್ದು ಬೆಲ್ಟು ಸಿಕ್ಕಿಸುವ ಮೇಲಿನ ಕಿವಿಯಿಂದ ಕೆಳಗಿನ ಕಿವಿಯವರೆಗಿನ ಉದ್ದ. ಅದು ಮಣಿಕಟ್ಟನ್ನು ದಾಟಿ ಹೊರಚಾಚಿದರೆ ಎಷ್ಟು ಬೆಲೆಯದಾದರೂ ಎರವಲು ತಂದಂತೆ ಕಾಣುತ್ತದೆ. ಟಿಸ್ಸೊ ಕಂಪನಿಯ 35 ಮಿಲಿಮೀಟರಿನ ಆಟೊಮ್ಯಾಟಿಕ್ ಪಿಆರ್‌ಎಕ್ಸ್‌ನಲ್ಲಿ ಪೂರ್ಣ ಗಾತ್ರದ, 80 ಗಂಟೆ ಓಡುವ ಯಂತ್ರವಿದೆ, ಶುಕ್ರವಾರ ಸಂಜೆ ಬಿಚ್ಚಿಟ್ಟರೂ ಸೋಮವಾರ ಬೆಳಿಗ್ಗೆ ಓಡುತ್ತಿರುತ್ತದೆ. ಲಕ್ಷದೊಳಗೆ ಸಿಗುವ ಸ್ವಿಸ್ ವಾಚುಗಳಲ್ಲಿ ದುಡಿಯುವ ಹೆಣ್ಣಿಗೆ ಅದು ಬಹಳ ಅನುಕೂಲದ್ದೆಂದು ನನ್ನ ತೀರ್ಮಾನ. ಲಕ್ಷ ದಾಟಲು ಮನಸ್ಸಿದ್ದವರಿಗೆ ಲಾಂಜೀನ್ಸ್ ಇದೆ. ಅದಕ್ಕೂ ಮೇಲೆ, ಹಲವು ಲಕ್ಷದ ಮಾತಾಡಿದರೆ ಒಮೆಗಾ, ರೋಲೆಕ್ಸ್. ರೋಲೆಕ್ಸಿನ ಈಗಿನ ಲೇಡಿ ಡೇಟ್‌ಜಸ್ಟ್ 28 ಮಿಲಿಮೀಟರಿನದು. ಅಷ್ಟು ಚಿಕ್ಕದರಲ್ಲೂ 55 ಗಂಟೆ ಓಡುತ್ತದೆ, ದಿನಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಹಿಂದುಮುಂದಾಗದಂತೆ ಹೊಂದಿಸಿ ಕೊಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಅದಕ್ಕೆಂದು ಸಾಲ ಮಾಡಬೇಡಿ, ಕಂತಿನ ಆಮಿಷಕ್ಕೆ ಬೀಳಬೇಡಿ.

ನಮ್ಮ ನಾಡಿನದೇ ಬೇಕೆನ್ನುವವರಿಗೂ ದಾರಿಯಿದೆ. ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿದಾಗ ಕರ್ನಾಟಕದಲ್ಲಿ ವಾಚು ಮಾಡುವ ವಿದ್ಯೆಯೇ ಮುಗಿಯಿತು ಎಂದು ಬಹಳ ಜನ ಮರುಗಿದರು. ತುಮಕೂರಿನ ಕಾರ್ಖಾನೆಯೂ ನಿಂತಿತು. ಎರಡು ವರ್ಷದ ನಂತರ, 2018ರಲ್ಲಿ, ಮರ್ಸಿ ಅಮಲ್‌ರಾಜ್ ಮತ್ತು ನಿರುಪೇಶ್ ಜೋಶಿ ದಂಪತಿ ಬೆಂಗಳೂರಿನಲ್ಲೇ ಬ್ಯಾಂಗಲೋರ್ ವಾಚ್ ಕಂಪನಿ ಕಟ್ಟಿದರು. ಯಂತ್ರ ಹೊರದೇಶದ್ದು, ವಿನ್ಯಾಸ ಮತ್ತು ಜೋಡಣೆ ಇಲ್ಲಿಯದು. ಅದರ ಬಹುತೇಕ ವಾಚುಗಳು 40 ಮಿಲಿಮೀಟರಿನ ಆಸುಪಾಸಿನವು, ಸಣ್ಣ ಕೈಯವರು ಕಟ್ಟಿ ನೋಡದೆ ಕೊಳ್ಳಬಾರದು. ಟೈಟನ್ ಕೂಡ ಈಗ ಆಟೊಮ್ಯಾಟಿಕ್ ವಾಚುಗಳನ್ನು ಮಾಡುತ್ತಿದೆ. 2002ರಲ್ಲಿ ಒಟ್ಟು ಮೂರೂವರೆ ಮಿಲಿಮೀಟರ್ ದಪ್ಪದ ಕ್ವಾರ್ಟ್ಜ್ ವಾಚು ಮಾಡಿ ತೋರಿಸಿದ ಕಂಪನಿಗೆ ತೆಳುವಾದ, ಹೆಣ್ಣಿನ ಕೈಗೊಪ್ಪುವ, ನಮ್ಮದೇ ಯಂತ್ರದ ಆಟೊಮ್ಯಾಟಿಕ್ ಮಾಡುವುದು ಅಸಾಧ್ಯವೇನಲ್ಲ.  ಅಂಥದೊಂದು ವಾಚು ಹೊಸೂರಿನಿಂದ ಬಂದರೆ ನಾನು ಮೊದಲು ಅದನ್ನೇ ಶಿಫಾರಸು ಮಾಡುತ್ತೇನೆ.

ಇನ್ನು ಕಟ್ಟಿಕೊಳ್ಳುವ ಕೈಯ ವಿಚಾರ. ವಿದೇಶದ ವಾಚು ಪತ್ರಿಕೆಗಳಲ್ಲಿ ಬಳೆಯ ಬಗ್ಗೆ ಒಂದು ಮಾತೂ ಇರುವುದಿಲ್ಲ. ನಮಗೆ ಅದೇ ದೊಡ್ಡ ಪ್ರಶ್ನೆ. ಚಿನ್ನ ಮೆತ್ತಗಿನ ಲೋಹ, ವಾಚಿನ ಉಕ್ಕು ಅದಕ್ಕಿಂತ ಬಹಳ ಗಟ್ಟಿ. ಒಂದೇ ಕೈಯಲ್ಲಿ ಚಿನ್ನದ ಬಳೆ ಮತ್ತು ಉಕ್ಕಿನ ವಾಚು ವರ್ಷಗಟ್ಟಲೆ ಉಜ್ಜಿದರೆ ಸವೆಯುವುದು ಬಳೆ. ಆ ಸವೆತ ತೂಕ ಹಾಕಿದಾಗ ಗೊತ್ತಾಗುತ್ತದೆ. ಬಳೆಯ ಪೆಟ್ಟಿಗೆ ವಾಚಿನ ಹೊಳಪಿನ ಅಂಚಿಗೂ ಗೀರು ಬೀಳುತ್ತದೆ. ವಾಚಿನ ಕೈಯಲ್ಲಿ ವಾಚೊಂದೇ ಇರಲಿ, ಬಳೆಗಳೆಲ್ಲ ಇನ್ನೊಂದು ಕೈಗೆ ಹೋಗಲಿ. ಗಾಜು ಸಫೈರ್ ಇದೆಯೇ ಎಂದು ಕೇಳಿ. ಅದಕ್ಕೆ ಗೀರು ಬೀಳುವುದು ಬಲು ಅಪರೂಪ, ವಜ್ರ ಅದನ್ನು ಗೀರಬಲ್ಲದು, ಮನೆಯ ಬಹಳಷ್ಟು ವಸ್ತುಗಳು ಗೀರಲಾರವು.

ನೀರು ಇನ್ನೊಂದು. ವಾಚಿನ ಬೆನ್ನಿನ ಮೇಲೆ ‘30 ಮೀಟರ್’ ಎಂದಿದ್ದರೆ ಮೂವತ್ತು ಮೀಟರ್ ಆಳಕ್ಕೆ ಇಳಿಯಬಹುದೆಂದು ತಿಳಿಯಬೇಡಿ. ಕೈತೊಳೆಯುವಾಗ ಸಿಡಿದ ನೀರು, ತುಂತುರು ಮಳೆ, ಅಷ್ಟನ್ನೇ ಅದು ತಾಳುವುದು. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ, ಮಕ್ಕಳಿಗೆ ಸ್ನಾನ ಮಾಡಿಸುವ ಕೈಯಾದರೆ 100 ಮೀಟರಿನದು ಕೊಳ್ಳಿ, ಆ ಕೆಲಸಗಳಿಗೆ ಮೊದಲು ಅದನ್ನೂ ಬಿಚ್ಚಿಡುವುದೇ ಲೇಸು. ಬಿಸಿನೀರಿನ ಹಬೆ ಒಳಗಿನ ರಬ್ಬರ್ ವಾಷರುಗಳನ್ನು ಬೇಗ ಹಾಳು ಮಾಡುತ್ತದೆ. ಗಾಜಿನ ಒಳಗೆ ಮಂಜು ಕಟ್ಟಿದ್ದು ಕಂಡರೆ ಒಂದು ದಿನವೂ ತಡಮಾಡದೆ ರಿಪೇರಿಗೆ ಒಯ್ಯಬೇಕು, ತುಕ್ಕು ಕಾಯುವುದಿಲ್ಲ. ಅಯಸ್ಕಾಂತವೂ ಶತ್ರುವೇ. ಕೈಚೀಲದ ಮುಚ್ಚಳ, ಮೊಬೈಲಿನ ಕವರು, ಸ್ಪೀಕರು, ಇವುಗಳ ಪಕ್ಕ ಇಟ್ಟ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಗಾಬರಿಯಾಗಬೇಡಿ. ಅಯಸ್ಕಾಂತದ ಗುಣ ತೆಗೆಯುವ ಸಣ್ಣ ಯಂತ್ರ ರಿಪೇರಿಯವರ ಹತ್ತಿರ ಇರುತ್ತದೆ. ತಾರೀಖು ತೋರಿಸುವ ವಾಚಾದರೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖು ಬದಲಿಸಬೇಡಿ. ಆ ಹೊತ್ತಿನಲ್ಲಿ ಒಳಗಿನ ಹಲ್ಲುಗಳು ತಾವೇ ತಾರೀಖು ತಳ್ಳುವ ಕೆಲಸದಲ್ಲಿರುತ್ತವೆ, ನಾವು ತಿರುಗಿಸಿದರೆ ಮುರಿಯಬಹುದು.

ವಾಚು ಎಷ್ಟು ಸರಿಯಾಗಿ ಓಡುತ್ತದೆ ಎಂದು ತಿಳಿಯಲು ಬಾನುಲಿಯೇ ಸಾಕು. ವಾರ್ತೆಗೆ ಮುನ್ನ ಬರುವ ಸಮಯ ಸೂಚನೆಗೆ ಒಂದು ದಿನ ಸರಿಯಾಗಿ ಹೊಂದಿಸಿ, ಒಂದು ವಾರ ಅದೇ ಹೊತ್ತಿಗೆ ನೋಡಿ ಬರೆದಿಟ್ಟುಕೊಳ್ಳಿ. ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷೆಯಲ್ಲಿ ತೇರ್ಗಡೆಯಾದ ಯಂತ್ರ ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ ಅಥವಾ ಆರು ಸೆಕೆಂಡು ಮುಂದೆ, ಅಷ್ಟರೊಳಗೆ ಇರಬೇಕು. ಸಾಧಾರಣ ಆಟೊಮ್ಯಾಟಿಕ್ ಹದಿನೈದು ಇಪ್ಪತ್ತು ಸೆಕೆಂಡು ಆಚೀಚೆಯಾದರೆ ಅದು ದೋಷವಲ್ಲ. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದ ಆರಂಭಿಸಿದ ಆಕಾಶವಾಣಿಯ ಕಾಲದಿಂದ ಈ ಸೀಮೆಯ ಜನ ರೇಡಿಯೊ ಕೇಳಿ ಗಡಿಯಾರ ತಿದ್ದಿಕೊಂಡವರೇ.

ರಿಪೇರಿಯ ಮಾತಿಗೆ ಬರುತ್ತೇನೆ, ಏಕೆಂದರೆ ಮಂಡ್ಯದಂಥ ಊರಿನಲ್ಲಿ ವಾಸಿಸುವವರಿಗೆ ಇದು ಬೆಲೆಗಿಂತ ದೊಡ್ಡ ಸಂಗತಿ. ಪೇಟೆ ಬೀದಿಯ ಕಡೆ ಕೂತು ವಾಚು ನೋಡುವ ಹಿರಿಯರೊಬ್ಬರನ್ನು ವಿಚಾರಿಸಿದೆ. “ಸೆಲ್ಲು ಹೋದ್ರೆ ಐದು ನಿಮಿಷದಾಗೆ ಹಾಕ್ಕೊಡ್ತೀನಿ ಕಣಕ್ಕ. ಎಚ್‌ಎಂಟಿ ಆದ್ರೆ ಕಣ್ಮುಚ್ಕೊಂಡು ಬಿಚ್ತೀನಿ. ಈ ಹೆಂಗಸರ ಆಟೊಮ್ಯಾಟಿಕ್ಕು ಬಿಚ್ಚಿದ್ರೆ ಸಾಮಾನು ಎಲ್ಲಿಂದ ತರ್ಲಿ?” ಎಂದರು. ಅವರ ಕೈಯಲ್ಲಿ ಕಸುಬಿದೆ, ಬಿಡಿಭಾಗ ಸಿಗುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ಹಲವು ತಮ್ಮ ಬಿಡಿಭಾಗಗಳನ್ನು ಅಧಿಕೃತ ಸರ್ವಿಸ್ ಕೇಂದ್ರಗಳಿಗೆ ಮಾತ್ರ ಕೊಡುತ್ತವೆ. ಜೀವಮಾನವಿಡೀ ಚಿಮಟ ಹಿಡಿದ ನಮ್ಮ ಊರಿನ ಕುಶಲಿಗಳನ್ನು ಹೀಗೆ ಹೊರಗಿಡುವುದು ಅನ್ಯಾಯ ಎಂದು ನನಗನಿಸುತ್ತದೆ. ಆದರೂ ಕೊಳ್ಳುವವರು ಇದ್ದ ಸ್ಥಿತಿ ತಿಳಿದೇ ಕೊಳ್ಳಬೇಕು. ಆಟೊಮ್ಯಾಟಿಕ್ ವಾಚನ್ನು ಐದಾರು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು; ಕೆಲವು ಹೊಸ ಯಂತ್ರಗಳು ಹತ್ತು ವರ್ಷ ತಡೆಯುತ್ತವೆ. ಆ ಖರ್ಚು ವಾಚಿನ ದರ್ಜೆಯಂತೆ ಕೆಲವು ಸಾವಿರದಿಂದ ಹತ್ತಾರು ಸಾವಿರದವರೆಗೂ ಹೋಗುತ್ತದೆ. ಸರ್ವಿಸ್ ಎಲ್ಲಿ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ, ಎಷ್ಟು ದಿನ ಹಿಡಿಯುತ್ತದೆ, ಎಷ್ಟಾಗುತ್ತದೆ, ಈ ಮೂರನ್ನೂ ದುಡ್ಡು ಕೊಡುವ ಮೊದಲೇ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಎಷ್ಟೇ ಮೆಚ್ಚಿದ ವಾಚಾದರೂ ಬಿಟ್ಟು ಬನ್ನಿ. ದಶಪಥದ ಹೆದ್ದಾರಿ ಬಂದ ಮೇಲೆ ಎರಡೂ ಪಟ್ಟಣಗಳು ನಮಗೆ ಹತ್ತಿರವಾಗಿವೆ, ರೈಲಂತೂ ಮೊದಲಿಂದಲೂ ಇದೆ. ಇನ್ನೊಂದು ಅಂಗಡಿ ನೋಡಲು ಇನ್ನೊಂದು ಭಾನುವಾರ ಸಾಕು.

ಬೆಲೆಯ ಬಗ್ಗೆ ಕೆಲವು ಮಾತು. ವಿದೇಶಿ ವಾಚಿನ ಬೆಲೆಯಲ್ಲಿ ಆಮದು ಸುಂಕ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿರುತ್ತದೆ. ಸ್ವಿಟ್ಜರ್ಲೆಂಡ್ ಸೇರಿದಂತೆ ಯುರೋಪಿನ ನಾಲ್ಕು ದೇಶಗಳ ಜೊತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಅದರಂತೆ ಸ್ವಿಸ್ ವಾಚಿನ ಸುಂಕ ವರ್ಷ ವರ್ಷ ಹಂತಹಂತವಾಗಿ ಇಳಿಯುತ್ತದೆ. ಅವಸರವಿಲ್ಲದವರು ಕಾಯಬಹುದು. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದು ಅಂಗಡಿಯವರಿಗೆ ಕಾನೂನಿನಲ್ಲಿ ನಿಷಿದ್ಧ. ಹತ್ತು ಲಕ್ಷ ಮೀರಿದ ವಾಚಿಗೆ 2025ರ ಏಪ್ರಿಲ್‌ನಿಂದ ಶೇಕಡಾ ಒಂದರಷ್ಟು ತೆರಿಗೆ ಅಂಗಡಿಯಲ್ಲೇ ಹಿಡಿಯುತ್ತಾರೆ, ಅದನ್ನು ನಿಮ್ಮ ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. “ಬಿಲ್ಲಿಲ್ಲದೆ ಆದರೆ ಕಮ್ಮಿಗೆ ಕೊಡ್ತೀನಿ” ಎನ್ನುವವರ ಹತ್ತಿರ ನಿಲ್ಲಬೇಡಿ. ರೋಲೆಕ್ಸಿನಂಥ ಹೆಸರುಗಳ ನಕಲು ಎಷ್ಟು ಚೆನ್ನಾಗಿ ಬರುತ್ತಿದೆಯೆಂದರೆ ಬೆನ್ನು ಬಿಚ್ಚಿ ನೋಡಿದಲ್ಲದೆ ಕಸುಬುದಾರರಿಗೂ ಗುರುತು ಸಿಗುವುದಿಲ್ಲ.

ವಾಚನ್ನು ಚಿನ್ನದಂತೆ ಹೂಡಿಕೆ ಎಂದು ಹೇಳಿ ಮಾರುವವರೂ ಇದ್ದಾರೆ. ನಂಬಬೇಡಿ. ಕೆಲವೇ ಕೆಲವು ಕಂಪನಿಗಳ ಕೆಲವೇ ಮಾದರಿಗಳಿಗೆ ಮರುಮಾರಾಟದಲ್ಲಿ ಬೆಲೆ ನಿಲ್ಲುತ್ತದೆ, ಉಳಿದವು ಅಂಗಡಿಯ ಬಾಗಿಲು ದಾಟಿದ ಕೂಡಲೇ ಇಳಿಯುತ್ತವೆ. ವಜ್ರ ಕೂರಿಸಿದ ಹೆಂಗಸರ ವಾಚುಗಳಲ್ಲಿ ಈ ಇಳಿತ ಇನ್ನೂ ಹೆಚ್ಚು. ಆಪತ್ಕಾಲಕ್ಕೆಂದು ಕೂಡಿಟ್ಟ ದುಡ್ಡಾದರೆ ಅದು ಬ್ಯಾಂಕಿನಲ್ಲೇ ಇರಲಿ. ಮಕ್ಕಳ ಫೀಸು, ಮನೆಯ ಸಾಲ, ವಿಮೆ ಇವೆಲ್ಲ ಕಳೆದು ಉಳಿದದ್ದರಲ್ಲಿ, ಬೇಕು ಎನಿಸಿದ್ದಕ್ಕಾಗಿ, ದಿನಾ ಕಟ್ಟಿಕೊಳ್ಳುವುದಕ್ಕಾಗಿ ಕೊಳ್ಳಿ. ಬೀರುವಿನಲ್ಲಿ ಮಲಗಿಸಿಟ್ಟ ಆಟೊಮ್ಯಾಟಿಕ್ ವಾಚಿನ ಎಣ್ಣೆಯೂ ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ. ಅದು ಕೈಯಲ್ಲಿದ್ದರೇ ಚೆನ್ನ.

ಹೊಸದು ಕೈಗೆಟುಕದ ಹೆಣ್ಣುಮಕ್ಕಳಿಗೆ ಒಂದು ಮಾತು. ಅಪ್ಪನದೋ ಮಾವನದೋ ಹಳೆಯ ಕಾಂಚನ್ ಮನೆಯ ಟ್ರಂಕಿನಲ್ಲಿ ನಿಂತುಹೋಗಿದ್ದರೆ ಅದನ್ನು ಹೊರತೆಗೆಯಿರಿ. ಅದರ ಬಿಡಿಭಾಗ ಇನ್ನೂ ಸಿಗುತ್ತದೆ, ಅದನ್ನು ಬಲ್ಲ ಕೈಗಳು ಮಂಡ್ಯದಲ್ಲಿ, ಮದ್ದೂರಿನಲ್ಲಿ, ಮಳವಳ್ಳಿಯಲ್ಲಿ ಇನ್ನೂ ಇವೆ. ತೊಳೆಸಿ, ಎಣ್ಣೆ ಹಾಕಿಸಿ, ತೆಳುವಾದ ತೊಗಲಿನ ಬೆಲ್ಟು ಕಟ್ಟಿಸಿಕೊಂಡರೆ ಅದರ ಗಾತ್ರ ಇವತ್ತಿನ ಹೆಣ್ಣಿನ ಕೈಗೆ ಚೆನ್ನಾಗಿಯೇ ಒಪ್ಪುತ್ತದೆ. ನಿಮ್ಮ ತಾಯಿಯ ತವರೋ ಅತ್ತೆಯ ತವರೋ ತೆತ್ತ ದುಡ್ಡಿನ ವಾಚು ಅದು, ನಿಮ್ಮ ಕೈಯಲ್ಲಿರಲು ಅದಕ್ಕೆ ಪೂರ್ಣ ಹಕ್ಕಿದೆ.

ಹೊಸದನ್ನೇ ಕೊಳ್ಳುವವರು ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ಆದರೆ ಮಾತು ನೀವೇ ಆಡಿ. ಅಂಗಡಿಯವರು ಮೆಷಿನ್ನಿನ ವಿವರವನ್ನು ಪಕ್ಕದಲ್ಲಿ ನಿಂತ ಗಂಡಸಿಗೆ ಹೇಳತೊಡಗಿದರೆ ನನಗೆ ಹೇಳಿ ಎಂದು ಕೇಳಿ. ವಾರಂಟಿ ಕಾರ್ಡಿನ ಸಂಖ್ಯೆಯೂ ವಾಚಿನ ಬೆನ್ನಿನ ಸಂಖ್ಯೆಯೂ ಒಂದೇ ಇದೆಯೇ ನೋಡಿ, ತಾರೀಖಿನ ಸಮೇತ ಅಂಗಡಿಯ ಮೊಹರು ಹಾಕಿಸಿ. ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ.